ಮೂರು ಬಿಳಿ, ಒಂದು ಮಸಿ

ದಾವಣಗೆರೆಯವಳು ಅಂದ ಕೂಡಲೇ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಓ, ಬೆಣ್ಣೆ ದೋಸೆ!" ಇಪ್ಪತ್ತು ವರ್ಷದಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದೇನೆ. ಮೊದಮೊದಲು ನಗುತ್ತಿದ್ದೆ. ಆಮೇಲೊಮ್ಮೆ "ದೋಸೆ ಬಿಟ್ಟು ಬೇರೆಯದೂ ಇದೆ ಕಣ್ರೀ" ಅಂದುಬಿಟ್ಟೆ. "ಹೌದಾ? ಏನಿದೆ?" ಅಂತ ಅವರು ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮೈಸೂರಿನವರಿಗೆ ಅರಮನೆ ಇದೆ, ವಿಜಯಪುರದವರಿಗೆ ಗೋಳಗುಮ್ಮಟ, ಪಕ್ಕದ ಚಿತ್ರದುರ್ಗದವರಿಗೆ ಏಳು ಸುತ್ತಿನ ಕೋಟೆ. ಕೂಗಳತೆಯ ಹರಿಹರಕ್ಕೂ ಒಂದು ಹೊಯ್ಸಳರ ಗುಡಿ, ಒಂದು ಹೊಳೆ ಇದೆ. ನಮಗೆ?

ನಾನು ಹುಟ್ಟಿದಾಗ ನಮ್ಮದು ಜಿಲ್ಲೆಯೂ ಆಗಿರಲಿಲ್ಲ. ಶಾಲೆಯ ಪುಸ್ತಕದ ಮೇಲೆ ವಿಳಾಸ ಬರೆಯುವಾಗ ಕೊನೆಯ ಸಾಲು "ಚಿತ್ರದುರ್ಗ ಜಿಲ್ಲೆ" ಅಂತಲೇ ಇರುತ್ತಿತ್ತು. 1997ರಲ್ಲಿ ಆ ಸಾಲು ಅಳಿಯಿತು. ಊರಿನ ಇತಿಹಾಸ ಅಂತ ಹುಡುಕಿದರೆ ಸಿಗುವುದೂ ದೊಡ್ಡ ಯುದ್ಧದ ಕಥೆಯಲ್ಲ. ಹೈದರಾಲಿ ಈ ಊರನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಿಯಾಗಿ ಕೊಟ್ಟ, ಅವನು ವ್ಯಾಪಾರಿಗಳನ್ನು ಕರೆಸಿ ನೆಲೆ ನಿಲ್ಲಿಸಿದ. ಅಲ್ಲಿಗೆ ಮುಗಿಯಿತು. ಕೋಟೆ ಕಟ್ಟಿದ ಊರಲ್ಲ ನಮ್ಮದು, ಮೂಟೆ ಕಟ್ಟಿದ ಊರು.

ಇದನ್ನೆಲ್ಲ ಈಗ ಹೇಳುತ್ತಿರುವುದಕ್ಕೆ ಕಾರಣ ಒಂದು ಚಿತ್ರ. ನಾನು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ನಮ್ಮಂಥ ಏಳೆಂಟು ಜನ ಡ್ರಾಯಿಂಗ್ ಟೀಚರುಗಳು ಸೇರಿ ಒಂದು ಪುಟ್ಟ ಪ್ರದರ್ಶನ ಮಾಡೋಣ ಅಂದುಕೊಂಡೆವು. ವಿಷಯ, ನನ್ನೂರು. ಒಬ್ಬೊಬ್ಬರದು ಒಂದೊಂದೇ ಚಿತ್ರ, 3 ಅಡಿಗೆ 4 ಅಡಿ, ಜುಲೈಗೆ ತಯಾರಿರಬೇಕು. ಬೇಸಿಗೆ ರಜೆಗೆ ಕ್ಯಾನ್ವಾಸು, ಬಣ್ಣದ ಡಬ್ಬಿ ಎಲ್ಲ ಹೊತ್ತು ನಿಟುವಳ್ಳಿಯ ಮನೆಗೆ ಬಂದೆ. ಅಪ್ಪ, ಅವ್ವ, ತಮ್ಮನ ಸಂಸಾರ. ಮಹಡಿ ಮೇಲೊಂದು ತಗಡಿನ ಕೋಣೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ತಗಡಿನ ಕೋಣೆ ಅಂದರೆ ಏನೆಂದು ಬಲ್ಲವರೇ ಬಲ್ಲರು. ಬೆಳಗಿನ ಹತ್ತರ ಮೇಲೆ ಬಣ್ಣ ಬಿಡಿ, ನಾನೇ ಕರಗುತ್ತಿದ್ದೆ.

ಮೊದಲ ವಾರ ಗಡಿಯಾರ ಕಂಬ ಬರೆದೆ. ಚೆನ್ನಾಗಿಯೇ ಬಂತು, ಅದೇ ತೊಂದರೆ. ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿಗೆ ಹೇಳಿ ಮಾಡಿಸಿದಂತಿತ್ತು. ಆ ಕಂಬದ ಕೆಳಗೆ ನಾನು ಸಾವಿರ ಸಲ ಓಡಾಡಿದ್ದೇನೆ, ಒಂದು ಸಲವೂ ತಲೆಯೆತ್ತಿ ನೋಡಿಲ್ಲ. ಚಿತ್ರದಲ್ಲಿ ಮಾತ್ರ ತಲೆಯೆತ್ತಿ ನೋಡಿದ್ದೇನೆ. ಅದು ಪ್ರವಾಸಿಯ ಕಣ್ಣು. ಕುಂದುವಾಡ ಕೆರೆಗೆ ಹೋಗಿ ಗಾಜಿನ ಮನೆಯ ಸ್ಕೆಚ್ ಮಾಡಿಕೊಂಡು ಬಂದೆ. ನಾನು ಊರು ಬಿಟ್ಟ ಮೇಲೆ ಕಟ್ಟಿದ್ದು ಅದು. ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯರಿಗೆ ಅದು ಊರು, ನನಗಲ್ಲ. ಕೊನೆಗೆ ರೋಸಿಹೋಗಿ, ಎಲ್ಲರೂ ದೋಸೆ ಅಂತಾರಲ್ಲ, ದೋಸೆಯನ್ನೇ ಬರೆದು ಬಿಸಾಕೋಣ ಅಂತ ಹೋಟೆಲಿಗೆ ಹೋದೆ.

ಚಿತ್ರ ಶುರುವಾದದ್ದು ಅಲ್ಲಿ.

ತಟ್ಟೆ ಎದುರಿಗೆ ಬಂದಾಗ ನಾನು ಮೊದಲ ಬಾರಿಗೆ ಅದನ್ನು ತಿನ್ನುವವಳಾಗಿ ಅಲ್ಲ, ಬಣ್ಣ ಬೆರೆಸುವವಳಾಗಿ ನೋಡಿದೆ. ಮೇಲೆ ಕರಗುತ್ತಿರುವ ಬೆಣ್ಣೆಮುದ್ದೆ. ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ನಮ್ಮಲ್ಲಿ ಅದಕ್ಕೆ ಅರಿಸಿನ ಹಾಕುವುದಿಲ್ಲ, ಬೆಳ್ಳಗೇ ಇರುತ್ತದೆ. ಬೆಳ್ಳನೆಯ ಕಾಯಿ ಚಟ್ನಿ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಅಂದರೆ ತಟ್ಟೆಯಲ್ಲಿ ದೋಸೆಯ ಕಂದು ಬಣ್ಣವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಬಿಳಿ, ಮತ್ತು ಒಂದು ಬಿಳಿಯಂತೆ ಇನ್ನೊಂದಿಲ್ಲ. ಬೆಣ್ಣೆಯಲ್ಲಿ ಹಳದಿಯ ಛಾಯೆ, ಚಟ್ನಿಯಲ್ಲಿ ತುಸು ಹಸಿರು, ಪಲ್ಯದಲ್ಲಿ ಮಣ್ಣು. ಹಿಂದೆ ಸೌದೆ ಒಲೆ, ಅದರ ಹಿಂದೆ ಎಷ್ಟೋ ವರ್ಷದ ಹೊಗೆ ಕುಡಿದ ಕರಿಗೋಡೆ.

ಹತ್ತಿ, ಮಂಡಕ್ಕಿ, ಬೆಣ್ಣೆ. ನಮ್ಮೂರು ಬದುಕಿದ್ದೇ ಈ ಮೂರು ಬಿಳಿಗಳ ಮೇಲೆ. ಮೂರರ ಹಿಂದೆಯೂ ಒಂದು ಕರಿಗೋಡೆ ಇದೆ. ಇಷ್ಟು ಹೊಳೆದದ್ದಕ್ಕೆ ಎರಡನೇ ದೋಸೆ ತರಿಸಿಕೊಂಡೆ.

ಬಿಳಿಯ ಪಾಠ ನನಗೆ ಹೊಸದೇನಲ್ಲ. ಓದಿದ್ದು ನಮ್ಮೂರ ಚಿತ್ರಕಲಾ ಕಾಲೇಜಿನಲ್ಲೇ. 1964ರಲ್ಲಿ ಶುರುವಾದ ಕಾಲೇಜು. ಹೊರಗಿನವರಿಗೆ ಮಿಲ್ಲಿನ ಊರಲ್ಲಿ ಇಂಥದ್ದೊಂದಿದೆ ಅಂದರೆ ಆಶ್ಚರ್ಯ. ಬಿಳಿ ಬಟ್ಟೆಯ ಮೇಲೆ ಬಿಳಿ ವಸ್ತು ಇಟ್ಟು ಬರೆಸುವ ಅಭ್ಯಾಸ ಎಲ್ಲ ಕಲಾಶಾಲೆಯಲ್ಲೂ ಇರುತ್ತದೆ, ಸಾಮಾನ್ಯವಾಗಿ ಮೊಟ್ಟೆ ಇಡುತ್ತಾರೆ. ನಮ್ಮ ಮೇಷ್ಟ್ರು, ಮೊಟ್ಟೆ ತಂದರೆ ಅರ್ಧ ತರಗತಿ ಮೂಗು ಮುರಿಯುತ್ತದೆಂದೋ ಏನೋ, ಟವೆಲ್ ಹಾಸಿ ಅದರ ಮೇಲೆ ಒಂದು ಸೇರು ಮಂಡಕ್ಕಿ ಸುರಿದರು. ಮೊಟ್ಟೆಯಾದರೆ ಒಂದು ದುಂಡು, ಒಂದು ನೆರಳು. ಮಂಡಕ್ಕಿ ಅಂದರೆ ಸಾವಿರ ದುಂಡು, ಸಾವಿರ ನೆರಳು. ಸಂಜೆ ಹೊತ್ತಿಗೆ ನಮ್ಮ ಚಿತ್ರ ಮುಗಿದಿರಲಿಲ್ಲ, ಮಂಡಕ್ಕಿ ಮುಗಿದಿತ್ತು.

ಆದರೆ ಆ ಪಾಠವನ್ನು ನನಗಿಂತ ಮೊದಲೇ ಕಲಿತಿದ್ದವಳು ಅವ್ವ. ಅಪ್ಪನ ಪಂಚೆಗೆ ಕೊನೆಯ ನೀರಿನಲ್ಲಿ ನೀಲಿ ಹಾಕುತ್ತಿದ್ದಳು. ಬಿಳಿ ಬಟ್ಟೆಯ ಹಳದಿಯನ್ನು ಒಂದು ಚಿಟಿಕೆ ನೀಲಿ ಹೊಡೆದುಹಾಕಿ ಕಣ್ಣಿಗೆ ಇನ್ನಷ್ಟು ಬೆಳ್ಳಗೆ ಕಾಣಿಸುತ್ತದೆ. ಯುಗಾದಿಗೆ ಮುಂಚೆ ಗೋಡೆಯ ಸುಣ್ಣಕ್ಕೂ ಅದೇ ನೀಲಿ. ಆ ನೀಲಿಪುಡಿ ಬೇರೇನಲ್ಲ, ನಮ್ಮ ಬಣ್ಣದ ಡಬ್ಬಿಯ ಅಲ್ಟ್ರಾಮರೀನೇ. ಕಾಲೇಜಿನಲ್ಲಿ ಅದನ್ನು ದುಬಾರಿ ಟ್ಯೂಬಿನಿಂದ ಹಿಂಡುವಾಗಲೆಲ್ಲ ನನಗೆ ಬಚ್ಚಲಮನೆಯ ವಾಸನೆ ಬರುತ್ತಿತ್ತು.

ಅಪ್ಪ ಮಿಲ್ಲಿನಲ್ಲಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ, ಒಂದಲ್ಲ, ನಾಲ್ಕಾರು ಹತ್ತಿ ಮಿಲ್ಲುಗಳು. ಮಿಲ್ಲಿನ ಕೂಗು ಕೇಳಿಯೇ ಓಣಿಯ ಹೆಂಗಸರು ಒಲೆ ಹಚ್ಚುತ್ತಿದ್ದುದು, ಮಕ್ಕಳನ್ನು ಎಬ್ಬಿಸುತ್ತಿದ್ದುದು. ರಾತ್ರಿಪಾಳಿ ಮುಗಿಸಿ ಅಪ್ಪ ಮನೆಗೆ ಬಂದರೆ ತಲೆ, ಹುಬ್ಬು, ಕಿವಿಯ ಕೂದಲು ಎಲ್ಲ ಅರಳೆ. ನಾನು ಆರೇಳು ವರ್ಷದವಳು. ಬಾಗಿಲಲ್ಲೇ ಕೂರಿಸಿ ಒಂದೊಂದೇ ಎಳೆ ಹೆಕ್ಕಿ ತೆಗೆಯುವುದು ನನ್ನ ಕೆಲಸ. ಇದನ್ನು ನಾನು ಎಷ್ಟೋ ಜನರ ಮುಂದೆ ಬಹಳ ಚಂದದ ನೆನಪಾಗಿ ಹೇಳಿದ್ದೇನೆ, ಹಿಮ ಬಿದ್ದ ಹಾಗೆ ಕಾಣುತ್ತಿದ್ದರು ಅಂತೆಲ್ಲ. ನಾನೂ ಹಿಮ ನೋಡಿದವಳಲ್ಲ, ಅಪ್ಪನೂ ಅಲ್ಲ.

ಸೋಮವಾರದ ಕೆಮ್ಮಿನ ವಿಷಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ದಿನ ಅಪ್ಪನಿಗೆ ಎದೆ ಬಿಗಿಯುತ್ತಿತ್ತು, ರಾತ್ರಿಯೆಲ್ಲ ಗೂರಾಡುತ್ತಿದ್ದರು, ಎರಡು ಮೂರು ದಿನಕ್ಕೆ ತಹಬಂದಿಗೆ ಬರುತ್ತಿತ್ತು. "ಸೋಮವಾರ ಅಲ್ವಾ" ಅನ್ನುತ್ತಿದ್ದಳು ಅವ್ವ, ಸಂತೆಯ ದಿನದ ಹೆಸರು ಹೇಳಿದ ಹಾಗೆ. ಹತ್ತಿಯ ದೂಳಿನಿಂದ ಬರುವ ಆ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರಿದೆ, ರಜೆಯ ಮಾರನೆಯ ದಿನ ಜೋರಾಗುವುದೇ ಅದರ ಗುರುತು ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಮಿಲ್ಲು ಮುಚ್ಚಿ ಹೋಗಿತ್ತು. ಬರಬೇಕಾದ ಬಾಕಿಯಲ್ಲಿ ಎಷ್ಟು ಬಂತು, ಎಷ್ಟು ಬರಲಿಲ್ಲ ಅನ್ನುವ ಲೆಕ್ಕವನ್ನು ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ನಾನು ತೆರೆದಿಲ್ಲ.

ಅಂತೂ ಚಿತ್ರಕ್ಕೆ ಮೊದಲ ಬಿಳಿ ಸಿಕ್ಕಿತ್ತು. ಮಂಡಕ್ಕಿ ನೋಡಲು ತಮ್ಮನ ಸ್ಕೂಟರಿನ ಹಿಂದೆ ಕೂತು ಭಟ್ಟಿಗಳ ಕಡೆ ಹೋದೆ. ಮಂಡಕ್ಕಿ ಭಟ್ಟಿ ಅಂತಲೇ ಹೆಸರಿರುವ ಜಾಗ ನಮ್ಮೂರಿನಲ್ಲಿದೆ. ಭದ್ರಾ ನಾಲೆಯ ನೀರು ಬಂದ ಮೇಲೆ ಸುತ್ತಮುತ್ತ ಭತ್ತ, ಭತ್ತದ ಬೆನ್ನಿಗೆ ಭಟ್ಟಿ. ನೋಡಲು ಹಗುರ ಅನ್ನುವುದೊಂದೇ ಮಂಡಕ್ಕಿಯ ಹೆಚ್ಚುಗಾರಿಕೆ. ಅದರ ಹಿಂದಿನ ಕೆಲಸ ಹಗುರವಲ್ಲ. ಭತ್ತವನ್ನು ಬಿಸಿನೀರಿನಲ್ಲಿ ನೆನೆಹಾಕಬೇಕು, ಹುರಿಯಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಬೇಕು, ಆ ಅಕ್ಕಿಗೆ ಉಪ್ಪುನೀರು ಹಿಡಿಸಬೇಕು, ಆಮೇಲೆ ಕೆಂಪಗೆ ಕಾದ ಮರಳಿಗೆ ಹಾಕಬೇಕು. ಮರಳಿಗೆ ಬಿದ್ದ ಮೇಲೆ ಮಾತ್ರ ಎಲ್ಲ ಕ್ಷಣಾರ್ಧ. ಚಟಪಟ ಅಂದು ಅರಳಿ ಮೇಲೆದ್ದ ಕಾಳನ್ನು ಜರಡಿಗೆ ಬಾಚಿ ಮರಳು ಉದುರಿಸುತ್ತಾರೆ. ಒಂದು ಕ್ಷಣ ತಡವಾದರೆ ಅಂಚು ಕೆಂಪಾಗುತ್ತದೆ. ನಸುಕಿನಿಂದ ಅಲ್ಲಿ ನಿಂತು ಬಾಚುವವನ ಮೈಮೇಲೆ ಬೆವರು, ಬೂದಿ, ಮಸಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅವನ ಮುಂದೆ ಸೊಂಟದೆತ್ತರದ ಬಿಳಿ ಗುಡ್ಡ.

ನಾನು ಮೊಬೈಲು ತೆಗೆದೆ. ಭಟ್ಟಿ ಯಜಮಾನ, ಅರವತ್ತು ದಾಟಿದ ಸಾಬರು, ಕೈ ಅಡ್ಡ ಮಾಡಿದರು.

"ಫೋಟೋ ಬ್ಯಾಡ ಅಕ್ಕಾ. ಯಾರ್ ಯಾರೋ ಬಂದು ಹೊಡ್ಕಂಡ್ ಹೋಗ್ತಾರೆ, ನಾಕ್ ದಿನಕ್ಕೆ ನೋಟಿಸ್ ಬರ್ತದೆ."

ನಾನು ಪತ್ರಿಕೆಯವಳಲ್ಲ, ಚಿತ್ರ ಬರೆಯುವವಳು ಅಂದೆ.

"ಹೊಗೆ ಬರೀತೀರೇನು?"

ಏನು ಹೇಳಲಿ. ಬಂದದ್ದೇ ಅದಕ್ಕೆ. ದೂರದಿಂದ, ಸ್ಕೂಟರಿನ ಮೇಲಿಂದ, ಸಾಲು ಸಾಲು ಚಿಮಣಿಗಳ ಆ ಕಪ್ಪು ಹೊಗೆ ನನ್ನ ಕಣ್ಣಿಗೆ ಚಂದ ಕಂಡಿತ್ತು. ಹಿಂದೆ ಭತ್ತದ ಹೊಟ್ಟು ಉರಿಸುತ್ತಿದ್ದರು. ಆಮೇಲೆ ಹಳೇ ಟೈರಿನ ಚೂರು ಅಗ್ಗವಾಯಿತು, ಬೆಂಕಿಯೂ ಜೋರು. ಆ ಹೊಗೆಯಿಂದ ಸುತ್ತಲ ಬೀದಿಗಳ ಮಕ್ಕಳು ಕೆಮ್ಮಿ ಕೆಮ್ಮಿ, ದೂರುಗಳಾಗಿ, ಟೈರು ಉರಿಸಬಾರದೆಂದು ಜಿಲ್ಲಾಡಳಿತ ಹೇಳಿದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. "ಈಗ ನಾವು ಹೊಟ್ಟೇ ಉರ್ಸೋದು ಅಕ್ಕಾ" ಅಂದರು ಅವರು, ನಾನು ಕೇಳದಿದ್ದರೂ. ತಲೆಯೆತ್ತಿ ಚಾವಣಿ ನೋಡಿದೆ. ತಗಡಿನಿಂದ ಇಲ್ಲಣ ಜೋತು ಬಿದ್ದಿತ್ತು, ಎಷ್ಟೋ ವರ್ಷದ್ದು, ಬೆರಳುದ್ದ. ಅದರಲ್ಲಿ ಯಾವುದು ಹೊಟ್ಟಿನದು, ಯಾವುದು ಟೈರಿನದು ಅಂತ ವಿಂಗಡಿಸಲು ಯಾರಿಂದಲೂ ಆಗದು. ಅವರನ್ನು ತಪ್ಪಿತಸ್ಥರ ಕಟಕಟೆಯಲ್ಲಿ ನಿಲ್ಲಿಸುವ ಉತ್ಸಾಹ ನನಗಿರಲಿಲ್ಲ. ನಾನು ಒಂದು ಸೇರಿಗೆ ಎಷ್ಟು ಕೊಡುತ್ತೇನೆ ಅನ್ನುವುದಕ್ಕೂ ಅವರು ಏನು ಉರಿಸುತ್ತಾರೆ ಅನ್ನುವುದಕ್ಕೂ ಇರುವ ನಂಟು ನನಗೂ ಗೊತ್ತು. ಹಾಗೆಂದು ಕೆಮ್ಮುವ ಮಕ್ಕಳನ್ನು ಮರೆತು ಹೊಗೆಯನ್ನಷ್ಟೇ ಬರೆಯಲೂ ಇನ್ನು ಆಗುತ್ತಿರಲಿಲ್ಲ.

ಹಾಗಾಗಿ ಹೊಗೆಯ ಬದಲು ಮಸಿ ಕೇಳಿದೆ.

"ಮಸಿ ಯಾಕ್ ಅಕ್ಕಾ? ಮಂಡಕ್ಕಿ ತಗಂಡ್ ಹೋಗಿ!"

ಹುಡುಗನೊಬ್ಬ ಪೊರಕೆ ಕಟ್ಟಿದ ಕೋಲಿನಿಂದ ಚಾವಣಿ ಕೆರೆದು, ಹಾಲಿನ ಖಾಲಿ ಪ್ಯಾಕೆಟ್ಟಿನಲ್ಲಿ ತುಂಬಿ ಕೊಟ್ಟ. ದುಡ್ಡು ಕೊಡಲು ಹೋದರೆ ಎಲ್ಲರೂ ನಕ್ಕರು. ಮಂಡಕ್ಕಿಗೆ ಮಾತ್ರ ದುಡ್ಡು ತೆಗೆದುಕೊಂಡರು, ಮಾರುಕಟ್ಟೆ ದರದಲ್ಲೇ.

ಮಸಿ ಯಾಕೆ ಅಂದರೆ, ಕಪ್ಪು ಬಣ್ಣ ಅಂದರೇ ಮೂಲತಃ ಮಸಿ. ಲ್ಯಾಂಪ್ ಬ್ಲ್ಯಾಕ್ ಅಂತ ಅಂಗಡಿಯಲ್ಲಿ ಸಿಗುವುದು ಎಣ್ಣೆ ಉರಿದು ಬರುವ ಕಾಡಿಗೆಯ ಸೋದರ. ಟೈರು ಕಪ್ಪಗಿರುವುದೂ ಅದೇ ಜಾತಿಯ ಮಸಿಯಿಂದಲೇ. ರಬ್ಬರು ಬೇಗ ಸವೆಯದಿರಲೆಂದು ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಕಿಟಕಿ ಬಾಗಿಲು ತೆರೆದು ಕೂತೆ. ಬರಿಗೈಯಲ್ಲಿ ಮುಟ್ಟುವ ಸರಕಲ್ಲ ಅದು. ಹಳೇ ಸೀರೆಯ ಚೂರಿನಲ್ಲಿ ಸೋಸಿ, ಗಾಜಿನ ಹಲಗೆಯ ಮೇಲೆ ಅಗಸೆ ಎಣ್ಣೆ ಬಿಟ್ಟು ಅರೆಯತೊಡಗಿದರೆ ಮಸಿ ಎಣ್ಣೆಯಲ್ಲಿ ಮುಳುಗಲು ಒಪ್ಪದು, ಹಾರಿ ಹಾರಿ ಮೇಲೆ ಬರುತ್ತದೆ. ನಾಲ್ಕು ಹನಿ ಸ್ಪಿರಿಟ್ ಬಿಟ್ಟ ಮೇಲೆ ಸೋತಿತು. ಅವ್ವ ಮಹಡಿ ಹತ್ತಿ ಬಂದವಳು ವಾಸನೆ ನೋಡಿ, "ಅಗಸಿ ಎಣ್ಣೆನಾ? ಚಟ್ನಿಪುಡಿ ಮಾಡೋದು ಬಿಟ್ಟು ಇದೇನೇ ನಿಂದು" ಅಂದಳು.

ಆ ಮಸಿಯನ್ನು ಟೈಟೇನಿಯಂ ವೈಟಿನ ಜೊತೆ ಬೆರೆಸಿದಾಗ ನಾನು ಸುಮಾರು ಹೊತ್ತು ಸುಮ್ಮನೆ ಕೂತೆ. ಅಂಗಡಿಯ ಕಪ್ಪಿಗೆ ಬಿಳಿ ಬೆರೆಸಿದರೆ ನೀಲಿಯ ಕಡೆ ವಾಲುವ ಬೂದುಬಣ್ಣ ಬರುತ್ತದೆ, ಚಂದದ್ದೇ, ಯಾವ ಊರಿನ ಮೋಡಕ್ಕೂ ಹೊಂದುತ್ತದೆ. ಭಟ್ಟಿಯ ಮಸಿಯಲ್ಲಿ ಪೂರ್ತಿ ಉರಿಯದ ಡಾಂಬರಿನಂಥ ಜಿಡ್ಡು ಇರುವುದರಿಂದ ಅದು ಕಂದಿನ ಕಡೆ ವಾಲಿತು. ಬಿಸಿಲಿಗೆ ಕಾದ ದೂಳಿನ ಬಣ್ಣ. ಮಧ್ಯಾಹ್ನ ಮೂರು ಗಂಟೆಗೆ ಹಳೇ ಪಿ.ಬಿ. ರಸ್ತೆಯ ಮೇಲೆ ನಿಂತರೆ ತಲೆಯ ಮೇಲೆ ಇರುತ್ತದಲ್ಲ, ನೀಲಿಯೂ ಅಲ್ಲದ, ಬೆಳ್ಳಗೂ ಇಲ್ಲದ ಆಕಾಶ, ಅದೇ. ಇಷ್ಟು ವರ್ಷ ಆ ಬಣ್ಣಕ್ಕಾಗಿ ಓಕರ್, ಅಂಬರ್ ಏನೇನೋ ಬೆರೆಸಿ ನೋಡಿದ್ದೆ. ಸಿಕ್ಕಿದ್ದು ಹಾಲಿನ ಪ್ಯಾಕೆಟ್ಟಿನಲ್ಲಿ.

ನಡುವೆ ಒಂದು ತಿಳಿಗೇಡಿ ಕೆಲಸವನ್ನೂ ಮಾಡಿದೆ, ಮುಚ್ಚಿಡುವುದಿಲ್ಲ. ಫ್ರಾನ್ಸಿನ ಯುಟ್ರಿಲ್ಲೋ ಪ್ಯಾರಿಸ್ಸಿನ ಮೊಂಮಾರ್ತ್ರ್ ಬೀದಿಗಳ ಸವೆದ ಗೋಡೆಗಳನ್ನು ಬರೆಯುವಾಗ ಬಿಳಿ ಬಣ್ಣಕ್ಕೆ ಗಾರೆ ಬೆರೆಸುತ್ತಿದ್ದ. ಅವನ ಆ ಕಾಲದ ಚಿತ್ರಗಳಿಗೆ 'ಬಿಳಿ ಅವಧಿ' ಅಂತಲೇ ಹೆಸರು. ಅವನು ಗೋಡೆಗೆ ಗಾರೆ ಬಳಸಿದರೆ ನಾನು ಮಂಡಕ್ಕಿಯನ್ನೇ ಅಂಟಿಸುತ್ತೇನೆ ಅಂತ ಹುಮ್ಮಸ್ಸು ಬಂತು. ಕ್ಯಾನ್ವಾಸಿನ ಕೆಳಗಿನ ಬಲಮೂಲೆಗೆ ಫೆವಿಕಾಲ್ ಬಳಿದು ಎರಡು ಹಿಡಿ ಮಂಡಕ್ಕಿ ಕೂರಿಸಿದೆ. ಮಾರನೆಯ ದಿನ ಅಕಾಲ ಮಳೆ ಬಿತ್ತು, ಮಂಡಕ್ಕಿ ಮೆತ್ತಗಾಗಿ ಅಂಟಿಕೊಂಡು ಹುಳುವಿನ ಮೊಟ್ಟೆಯಂತೆ ಕಂಡಿತು. ಅದರ ಮಾರನೆಯ ರಾತ್ರಿ ಇಲಿ ಬಂತು. ಬೆಳಿಗ್ಗೆ ನೋಡಿದರೆ ಮಂಡಕ್ಕಿಯೂ ಇಲ್ಲ, ಮಂಡಕ್ಕಿ ಇದ್ದ ಜಾಗದ ಕ್ಯಾನ್ವಾಸಿನಲ್ಲಿ ಎಂಟಾಣೆಯಗಲದ ತೂತು. ಹಿಂದಿನಿಂದ ತೇಪೆ ಹಾಕಿದ್ದೇನೆ. ತಮ್ಮನ ಮಗಳು ಅದನ್ನು ಈಗಲೂ "ಇಲಿ ಬರೆದ ಭಾಗ" ಅನ್ನುತ್ತಾಳೆ. ವಸ್ತುವನ್ನೇ ತಂದು ಅಂಟಿಸಿದರೆ ಚಿತ್ರವಾಯಿತು ಅಂದುಕೊಳ್ಳುವವರಿಗೆ ಇಲಿಯೇ ಸರಿಯಾದ ವಿಮರ್ಶಕ.

ಬಣ್ಣ ಸಿಕ್ಕಿತು, ಆದರೆ ಬರೆಯುವುದು ಏನನ್ನು? ಇದಕ್ಕೆ ಉತ್ತರ ಕೊಟ್ಟದ್ದು ರೈಲ್ವೆ ಗೇಟು. ನಮ್ಮೂರನ್ನು ಹಳಿ ಎರಡಾಗಿ ಸೀಳಿದೆ, ಆಚೆ ಹಳೇ ಊರು, ಈಚೆ ಬಡಾವಣೆಗಳು. ಅಶೋಕ ಟಾಕೀಸಿನ ಹತ್ತಿರದ ಗೇಟಿನಲ್ಲಿ ಕಾದು ನಿಂತ ಹೊತ್ತನ್ನೆಲ್ಲ ಕೂಡಿಸಿದರೆ ನಮ್ಮ ತಲೆಮಾರಿನವರ ಆಯುಷ್ಯದಲ್ಲಿ ಒಂದೆರಡು ವರ್ಷವಾದರೂ ಆದೀತು. ಅಪ್ಪನ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಟವೆಲ್ ಸುತ್ತಿ ನನ್ನನ್ನು ಕೂರಿಸುತ್ತಿದ್ದರು. ಗೇಟು ಬಿದ್ದರೆ ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಆ ಅಡ್ಡಪಟ್ಟಿ. ಅದರ ಮೇಲೆ ಒಂದು ದಾವಣಗೆರೆ, ಕೆಳಗೆ ಇನ್ನೊಂದು. ಕೆಳಗಿನದರಲ್ಲಿ ಗಾಡಿಯ ಗಾಲಿ, ಎತ್ತಿನ ಕಾಲು, ಹರಿದ ಚೀಲದಿಂದ ಸೋರಿದ ಮಂಡಕ್ಕಿ. ಮೇಲಿನದರಲ್ಲಿ ಅರಳೆಯ ಅಂಡಿಗೆ ಹೇರಿದ ಲಾರಿ, ಚಿಮಣಿ, ಆ ಆಕಾಶ. ಮೂಟೆ ಕಟ್ಟಿದ ಊರು, ಆ ಮೂಟೆಗಳೆಲ್ಲ ಒಂದು ಗೂಡ್ಸ್ ಗಾಡಿಗೆ ಕಾಯುತ್ತ ನಿಂತಿವೆ.

ನಾಲ್ಕಡಿ ಅಗಲದ ಕ್ಯಾನ್ವಾಸನ್ನು ಅಡ್ಡಡ್ಡ ಇಟ್ಟು, ನಡುವಿಗಿಂತ ತುಸು ಕೆಳಗೆ ಒಂದು ಗೆರೆ ಎಳೆದೆ. ಆ ಗೆರೆ ಎಳೆದ ಮೇಲೆ ಚಿತ್ರ ತಾನೇ ನಡೆಯಿತು, ಹದಿನೇಳು ದಿನ. ಎತ್ತರದಿಂದ ನೋಡಿದ ಊರಲ್ಲ, ಬದಿಯಿಂದ ನೋಡಿದ್ದೂ ಅಲ್ಲ; ಆರು ವರ್ಷದ ಹುಡುಗಿಯ ಕಣ್ಣಿನ ಮಟ್ಟದ ಊರು. ಜನರ ಮುಖ ಬರೆಯಲಿಲ್ಲ. ಗೇಟಿನ ಆ ಪಟ್ಟಿಯೇ ಎಲ್ಲರ ಮುಖವನ್ನು ಮರೆಮಾಡಿತ್ತು. ಸೈಕಲ್ ಹ್ಯಾಂಡಲ್ ಹಿಡಿದ ಎರಡು ಕೈ ಮಾತ್ರ ಕೆಳಗಿನ ಅಂಚಿನಲ್ಲಿವೆ, ಬೆರಳ ಸಂದಿಯಲ್ಲಿ ಅರಳೆ.

ಅಪ್ಪ ಮಹಡಿ ಹತ್ತುವುದು ಅಪರೂಪ, ದಮ್ಮು. ಒಂದು ಸಂಜೆ ನಿಧಾನಕ್ಕೆ ಬಂದರು. ಕುರ್ಚಿ ಎಳೆದುಕೊಂಡು ಕೂತು ಮೊದಲು ಮಾಡಿದ ಕೆಲಸವೆಂದರೆ ಕ್ಯಾನ್ವಾಸಿನ ಹಿಂಬದಿಯನ್ನು ಮುಟ್ಟಿ ನೋಡಿದ್ದು. ಅಂಚಿನ ಒಂದು ಎಳೆ ಬಿಡಿಸಿ ಬೆರಳಲ್ಲಿ ಹೊಸೆದರು.

"ಹತ್ತು ನಂಬರ್ ಇರಬೇಕು. ದಪ್ಪ ನೂಲು."

ಕ್ಯಾನ್ವಾಸ್ ಹತ್ತಿಯದೇ ಅನ್ನುವುದು ನನಗೆ ತಿಳಿಯದ್ದೇನಲ್ಲ. ಇಷ್ಟು ವರ್ಷ ಅದರ ಮುಂದಿನ ಮುಖವನ್ನಷ್ಟೇ ನೋಡಿದ್ದೆ. ನೂಲಿನ ನಂಬರು ಹೆಚ್ಚಾದಷ್ಟೂ ಎಳೆ ಸಣ್ಣ ಅಂತ ಅಪ್ಪ ನನಗೆ ಮತ್ತೊಮ್ಮೆ ಹೇಳಿಕೊಟ್ಟರು. ಆಮೇಲೆ ಎದ್ದು ಮುಂದೆ ಬಂದು, ಲಾರಿಯ ಮೇಲಿನ ಅಂಡಿಗೆಗಳನ್ನೂ ಕೈಗಂಟಿದ ಅರಳೆಯನ್ನೂ ನೋಡಿದರು.

"ಎಲ್ಲಾನೂ ಒಂದೇ ತರ ಬೆಳ್ಳಗೆ ಮಾಡೀಯಲ್ಲವ್ವ."

"ಯಾಕಪ್ಪಾ, ಹತ್ತಿ ಬೆಳ್ಳಗಿರಲ್ವಾ?"

"ಅಂಡಿಗ್ಯಾಗೆ ಎಲ್ಲಿ ಬೆಳ್ಳಗಿರತೈತೆ? ಎಲೆ ಪುಡಿ, ಬೀಜದ ಚೂರು, ಮಣ್ಣು. ಬ್ಲೋರೂಮಿನಾಗೆ ಬಡಿದು ಬಡಿದು ಕಸ ತೆಗೀತಿದ್ವಿ. ಕಾರ್ಡಿಂಗ್ ಮಿಷಿನ್ನಿಂದ ಹೊರಗ್ ಬರೋವಾಗ ನೋಡಬೇಕು ಅದನ್ನ, ಹಾಲಿನ ಕೆನೆ ಎತ್ತಿದಂಗೆ. ಅದು ಬಿಳಿ. ಕೈಗೆ ಅಂಟೋದು ಅದಲ್ಲ, ಅದು ದೂಳು. ಬೂದಿ ಬಣ್ಣ." ಸ್ವಲ್ಪ ಹೊತ್ತು ಬಿಟ್ಟು, "ವರಲಕ್ಷ್ಮಿ ಹತ್ತಿ ಬಂದಾಗ ನೋಡಬೇಕಿತ್ತು ನೀನು" ಅಂದರು.

ವರಲಕ್ಷ್ಮಿ 1972ರಲ್ಲಿ ಧಾರವಾಡದಲ್ಲಿ ಬಿಡುಗಡೆಯಾದ ಹೈಬ್ರಿಡ್ ತಳಿ, ಉದ್ದ ಎಳೆಯದು. ಅದರ ನೂಲು ಬೆರಳಿಗೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಈಗ ನಮ್ಮ ಸುತ್ತಮುತ್ತ ಹತ್ತಿ ಹೊಲ ಹುಡುಕಬೇಕು, ಎಲ್ಲೆಲ್ಲೂ ಮೆಕ್ಕೆಜೋಳ. ಅಪ್ಪ ಆ ಸಂಜೆ ಒಂದು ಗಂಟೆ ಹತ್ತಿಯ ಬಿಳಿಗಳ ಬಗ್ಗೆ ಮಾತಾಡಿದರು. ಕೆಮ್ಮಿನ ಬಗ್ಗೆ ಒಂದು ಮಾತಿಲ್ಲ. ನಾನು ಪಕ್ಕದಲ್ಲಿ ಕೂತು ಪ್ಯಾಲೆಟ್ಟಿನ ಮೇಲೆ ಅವರು ಹೇಳಿದ ಒಂದೊಂದನ್ನೂ ಬೆರೆಸುತ್ತ ಹೋದೆ. "ಇದಾ?" "ಅಲ್ಲ, ಇನ್ನೂ ಕೆಂಪು." "ಇದಾ?" "ಹ್ಞಾಂ, ಇದಕ್ಕೆ ಹತ್ರ ಐತೆ." ನಾಲ್ಕು ವರ್ಷದ ಕಾಲೇಜಿನಲ್ಲಿ ಇಂಥ ತರಗತಿ ಒಂದೂ ಆಗಿರಲಿಲ್ಲ.

ಮಾರನೆಯ ದಿನ ಕೈಬೆರಳಿನ ಸಂದಿಯ ಆ ಬಿಳಿಯನ್ನು ಕೆರೆದು ತೆಗೆದು ಭಟ್ಟಿಯ ಮಸಿ ಬೆರೆಸಿದ ಬೂದಿಬಣ್ಣ ಹಾಕಿದೆ. ಅಲ್ಲಿವರೆಗೆ ಚಿತ್ರದಲ್ಲಿ ಒಂದು ಬಗೆಯ ಹಬ್ಬದ ಕಳೆ ಇತ್ತು, ಬಿಟ್ಟು ಹೋದವರು ಊರನ್ನು ನೆನೆಯುವಾಗ ಬರುವ ಕಳೆ. ನನ್ನ ನೀಲಿ ಹಾಕಿದ ಬಿಳಿ. ಅದು ಹೋಯಿತು. ಚಿತ್ರ ಮೊದಲಿಗಿಂತ ಸೊರಗಿದಂತೆ ಕಂಡಿತು, ಆದರೆ ಸೈಕಲ್ ಹಿಡಿದ ಕೈ ಈಗ ಯಾರದೆಂದು ನನಗೆ ಸಂದೇಹವಿರಲಿಲ್ಲ. ಅವ್ವ ನೋಡಿ, "ಕೈ ತೊಳ್ಕಂಡಿಲ್ಲ ನೋಡು" ಅಂದಳು.

ಬೆಣ್ಣೆ ಎಲ್ಲಿ ಬಂತು ಅಂತ ನೀವು ಕೇಳಬಹುದು. ಬರಲಿಲ್ಲ. ಗೇಟಿನ ಪಟ್ಟಿಯ ಕೆಳಗೆ ಒಂದು ಹೋಟೆಲಿನ ಮೆಟ್ಟಿಲು ಬರೆದು ಅಳಿಸಿದೆ. ಆದರೆ ಎಣ್ಣೆಬಣ್ಣದ ಬಿಳಿ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಅಗಸೆ ಎಣ್ಣೆಯ ಗುಣ ಅದು. ಹಾಗಾಗಬಾರದೆಂದು ಬಿಳಿ ಬಣ್ಣವನ್ನು ಕುಸುಬೆ ಎಣ್ಣೆಯಲ್ಲಿ ಅರೆಯುವ ಕಂಪನಿಗಳಿವೆ. ನಾನು ಬಳಸಿದ್ದು ಅಗಸೆಯದೇ. ಇನ್ನಿಪ್ಪತ್ತು ವರ್ಷಕ್ಕೆ ಲಾರಿಯ ಮೇಲಿನ ಅಂಡಿಗೆಗಳು ಬೆಣ್ಣೆಯ ಬಣ್ಣಕ್ಕೆ ಬಂದರೂ ಬಂದಾವು. ಬೆಣ್ಣೆ ಬೇಕಾದವರು ಅಲ್ಲಿಯವರೆಗೆ ಕಾಯಲಿ.

ಇನ್ನು ಪ್ರದರ್ಶನದ ವಿಷಯ. ಚಿತ್ರ ಹೋಗಲಿಲ್ಲ. ಮಸಿ ಬೆರೆಸಿದ ಎಣ್ಣೆಬಣ್ಣ ಒಣಗುವುದು ನಿಧಾನ ಅಂತ ಗೊತ್ತಿತ್ತು. ಡಾಂಬರಿನ ಜಿಡ್ಡಿದ್ದರೆ ಒಣಗುವ ಹೆಸರೇ ಎತ್ತುವುದಿಲ್ಲ ಅನ್ನುವುದನ್ನು ಅನುಭವದಿಂದ ಕಲಿತೆ. ಜೂನ್ ಕೊನೆಗೆ ಊರಿಗೆ ಬಂದು ನೋಡಿದರೆ ಬಿಳಿಗಳೆಲ್ಲ ಒಣಗಿ ಗಟ್ಟಿಯಾಗಿವೆ, ಆಕಾಶ ಬೆರಳಿಗೆ ಅಂಟುತ್ತಿದೆ. ಪ್ಯಾಕ್ ಮಾಡಿದರೆ ಕಾಗದಕ್ಕೇ ಆಕಾಶ ಹತ್ತಿಕೊಳ್ಳುತ್ತಿತ್ತು. ಬೆಂಗಳೂರಿನ ಗೋಡೆಯ ಮೇಲೆ ನನ್ನ ಪಾಲಿನ 3 ಅಡಿ 4 ಅಡಿ ಜಾಗವನ್ನು ಮೈಸೂರಿನ ಗೆಳತಿ ತನ್ನ ಇನ್ನೊಂದು ಅರಮನೆಯಿಂದ ತುಂಬಿದಳು. ಚೆನ್ನಾಗಿತ್ತು, ದೀಪ ಹಾಕಿದ್ದು.

ಹೋದ ವಾರ ತಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ನಮ್ಮ ಆಕಾಶದಲ್ಲಿ, ಚಿಮಣಿಯ ಸ್ವಲ್ಪ ಎಡಕ್ಕೆ, ಎರಡು ನೊಣ ಮತ್ತು ಅಪ್ಪನ ಟವೆಲಿನದಿರಬೇಕು, ಒಂದೆಳೆ ನೂಲು ಅಂಟಿಕೊಂಡಿವೆ. ಕೆಳಗೆ ಬರೆದಿದ್ದ: "ಅಕ್ಕ, ತೆಗೀಲಾ, ಬಿಡ್ಲಾ?"

ನೂಲು ಇರಲಿ, ನೊಣ ತೆಗಿ ಅಂದೆ. ಎರಡು ನಿಮಿಷಕ್ಕೆ ಮತ್ತೆ ಮೆಸೇಜು: "ಅಪ್ಪ ಬ್ಯಾಡ ಅಂತಾರೆ. ಗೇಟ್ ಹತ್ರ ನೊಣ ಇದ್ವಂತೆ."